ಲೈಂಗಿಕ ದೌರ್ಜನ್ಯದ ನಂತರದ ಮೊದಲ ಮೂರು ತಿಂಗಳು: ಮಾನಸಿಕ ಚಿಕಿತ್ಸೆ ಯಾವಾಗ, ಹೇಗೆ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಸುತ್ತಲಿರುವವರು ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಎಂದು ನಂಬಿ ಕೆಲವರು ಅಂದೇ ಎದುರು ಕೂರಿಸಿಕೊಂಡು ನಡೆದದ್ದನ್ನೆಲ್ಲ ಒಂದೂ ಬಿಡದಂತೆ ಹೇಳಿಸುತ್ತಾರೆ. ಇನ್ನು ಕೆಲವರು ‘ಆದದ್ದು ಆಯಿತು, ಮರೆತುಬಿಡು, ದಿನ ಕಳೆದಂತೆ ಎಲ್ಲ ಸರಿಹೋಗುತ್ತದೆ’ ಎಂದು ಆ ಮಾತನ್ನೇ ಎತ್ತದಂತೆ ನೋಡಿಕೊಳ್ಳುತ್ತಾರೆ. ಎರಡೂ ಕಾಳಜಿಯಿಂದಲೇ ಬಂದ ನಡೆಗಳಾದರೂ ಮೊದಲನೆಯದು ಸಲ್ಲದ ಆತುರ, ಎರಡನೆಯದು ಸಲ್ಲದ ವಿಳಂಬ. ಯಾವ ಕೆಲಸ ಮೊದಲ ದಿನದ್ದು, ಯಾವುದು ಮೊದಲ ವಾರಗಳದ್ದು, ಯಾವುದನ್ನು ಒಂದು ತಿಂಗಳ ನಂತರ ಮುಂದೂಡಲೇಬಾರದು ಎಂಬುದನ್ನು ಸಂತ್ರಸ್ತರಿಗೂ ಅವರ ಜೊತೆಗಿರುವವರಿಗೂ ಅನುಕ್ರಮವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ಈ ಅನುಕ್ರಮಕ್ಕೆ ಆಧಾರವಿದೆ. ಬಾರ್ಬರಾ ರಾಥ್‌ಬಾಮ್, ಎಡ್ನಾ ಫೋವಾ ಮತ್ತು ಅವರ ಸಹೋದ್ಯೋಗಿಗಳು ಅತ್ಯಾಚಾರಕ್ಕೆ ಒಳಗಾದ ಮಹಿಳೆಯರನ್ನು ವಾರದಿಂದ ವಾರಕ್ಕೆ ಗಮನಿಸುತ್ತ ಹೋದ ಅಧ್ಯಯನವೊಂದನ್ನು 1992ರಲ್ಲಿ ಪ್ರಕಟಿಸಿದರು. ಘಟನೆಯ ನಂತರ ಸುಮಾರು ಎರಡು ವಾರಕ್ಕೆ ನಡೆದ ಮೊದಲ ಪರಿಶೀಲನೆಯಲ್ಲಿ ಅವರ ಪೈಕಿ ಶೇ 94ರಷ್ಟು ಮಂದಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಯ, ಅಂದರೆ ಪಿಟಿಎಸ್‌ಡಿಯ ಲಕ್ಷಣಗಳು ಪೂರ್ಣ ಪ್ರಮಾಣದಲ್ಲಿ ಕಂಡುಬಂದವು. ಒಂದು ತಿಂಗಳು ದಾಟುವ ಹೊತ್ತಿಗೆ ಈ ಪ್ರಮಾಣ ಶೇ 65ಕ್ಕೆ, ಮೂರು ತಿಂಗಳ ಹೊತ್ತಿಗೆ ಶೇ 47ಕ್ಕೆ ಇಳಿದಿತ್ತು. ಮೊದಲ ವಾರಗಳ ತಳಮಳ ಬಹುತೇಕ ಎಲ್ಲರಲ್ಲೂ ಇರುವಂಥದ್ದು, ಅದು ಹುಚ್ಚೂ ಅಲ್ಲ, ದೌರ್ಬಲ್ಯವೂ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಇನ್ನೊಂದು ಅಂಶ ಅಷ್ಟೇ ಮುಖ್ಯ: ಮೂರು ತಿಂಗಳಾದರೂ ನರಳುತ್ತಿದ್ದವರಲ್ಲಿ ಮೊದಲ ತಿಂಗಳ ನಂತರ ಹೆಚ್ಚಿನ ಸುಧಾರಣೆಯೇ ಕಂಡಿರಲಿಲ್ಲ. ಕಾಲವೇ ಮಾಯಿಸುತ್ತದೆ ಎಂಬ ಮಾತು ಅರ್ಧದಷ್ಟು ಜನರ ಪಾಲಿಗೆ ಮಾತ್ರ ನಿಜ.

ಮೊದಲ ಗಂಟೆಗಳು: ಸುರಕ್ಷತೆ, ದೇಹದ ಆರೈಕೆ, ನಿರ್ಧಾರದ ಹಕ್ಕು

ಈ ಹಂತದಲ್ಲಿ ಥೆರಪಿಯ ಮಾತು ಬೇಡ. ಸುರಕ್ಷಿತವಾದ ಜಾಗ, ನಂಬಿಕೆಯ ಒಬ್ಬ ವ್ಯಕ್ತಿ ಮತ್ತು ವೈದ್ಯಕೀಯ ನೆರವು ಇವು ಮೊದಲು ಬೇಕಾದವು. ವೈದ್ಯಕೀಯ ನೆರವಿಗೆ ಗಡಿಯಾರದ ಲೆಕ್ಕವಿದೆ: ಎಚ್‌ಐವಿ ತಗಲದಂತೆ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು, ತುರ್ತು ಗರ್ಭನಿರೋಧಕವನ್ನು 120 ಗಂಟೆಗಳೊಳಗೆ ಪಡೆಯಬೇಕು. ಎರಡೂ ಎಷ್ಟು ಬೇಗ ಸಿಕ್ಕರೆ ಅಷ್ಟು ಪರಿಣಾಮಕಾರಿ. ಗಾಯಗಳ ಚಿಕಿತ್ಸೆ, ಹೆಪಟೈಟಿಸ್ ಬಿ ಲಸಿಕೆ, ಲೈಂಗಿಕ ಸೋಂಕುಗಳ ತಪಾಸಣೆ ಇದರ ಜೊತೆಗೇ ಆಗಬೇಕಾದವು. ದೂರು ಕೊಡುವ ಬಗ್ಗೆ ಇನ್ನೂ ನಿರ್ಧಾರವಾಗಿರದಿದ್ದರೂ ಅಂದಿನ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಎತ್ತಿಟ್ಟರೆ ಮುಂದಿನ ದಾರಿ ತೆರೆದಿರುತ್ತದೆ. ಈಗಾಗಲೇ ಸ್ನಾನ ಮಾಡಿಬಿಟ್ಟಿದ್ದರೆ ಅದಕ್ಕಾಗಿ ಹಳಿದುಕೊಳ್ಳಬೇಕಿಲ್ಲ. ಆಸ್ಪತ್ರೆಗೆ ಹೋಗಲು ಅದು ಅಡ್ಡಿಯೂ ಅಲ್ಲ.

ದೌರ್ಜನ್ಯ ಎಸಗಿದವನು ಕಸಿದುಕೊಂಡದ್ದು ಸಂತ್ರಸ್ತರಿಗೆ ತಮ್ಮ ದೇಹದ ಮೇಲಿರುವ ಅಧಿಕಾರವನ್ನು. ಹಾಗಾಗಿ ಸಂತ್ರಸ್ತರ ಪರವಾಗಿ ಬೇರೆಯವರು ನಿರ್ಧಾರ ಮಾಡುತ್ತ ಹೋದರೆ, ಅದು ಎಷ್ಟೇ ಪ್ರೀತಿಯಿಂದ ಮಾಡಿದ್ದಾದರೂ, ಕಳೆದುಕೊಂಡದ್ದು ಮರಳುವುದಿಲ್ಲ. ಯಾರಿಗೆ ತಿಳಿಸಬೇಕು, ಪರೀಕ್ಷೆಯ ವೇಳೆ ಯಾರು ಜೊತೆಗಿರಬೇಕು, ಈಗ ಮಾತಾಡಬೇಕೇ ಬೇಡವೇ ಎಂಬುದನ್ನು ಅವರನ್ನೇ ಕೇಳಬೇಕು. ವೈದ್ಯರು ಪ್ರತಿ ಹೆಜ್ಜೆಯನ್ನೂ ಮುಂಚೆಯೇ ವಿವರಿಸಿ ಒಪ್ಪಿಗೆ ಪಡೆಯಬೇಕು, ‘ನಿಲ್ಲಿಸಿ’ ಎಂದ ಕ್ಷಣ ನಿಲ್ಲಿಸಬೇಕು. ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ. ಪರೀಕ್ಷೆಯಲ್ಲಿ ಏನೇನು ನಡೆಯಲಿದೆ ಎಂಬುದನ್ನು ಕಿರು ವಿಡಿಯೊ ಮೂಲಕ ಮೊದಲೇ ತೋರಿಸಿದರೆ ಪರೀಕ್ಷೆಯ ನಂತರದ ಆತಂಕ ಕಡಿಮೆಯಿರುತ್ತದೆ ಎಂಬುದನ್ನು ಹೈಡಿ ರೆಸ್ನಿಕ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಕೊನೆಯಲ್ಲೇ ಕಂಡುಕೊಂಡಿದ್ದರು.

ಮೊದಲು ಕೇಳಿಸಿಕೊಳ್ಳುವವರು ಏನು ಮಾಡಬೇಕು

ಬಹಳಷ್ಟು ಪ್ರಕರಣಗಳಲ್ಲಿ ಮೊದಲು ವಿಷಯ ತಿಳಿಯುವುದು ಮನಶ್ಶಾಸ್ತ್ರಜ್ಞರಿಗಲ್ಲ. ಗೆಳತಿಗೆ, ತಾಯಿಗೆ, ಸಂಗಾತಿಗೆ ಅಥವಾ ಸಹೋದ್ಯೋಗಿಗೆ. ಅವರು ಆಡುವ ಮೊದಲ ಮಾತಿಗೆ ಚಿಕಿತ್ಸೆಯಷ್ಟೇ ತೂಕವಿದೆ ಎನ್ನುವುದು ನನ್ನ ಅಭಿಪ್ರಾಯ. ಹೇಳಿಕೊಂಡಾಗ ಅಪನಂಬಿಕೆಯನ್ನೋ ದೂಷಣೆಯನ್ನೋ ಎದುರಿಸಿದವರಲ್ಲಿ ಪಿಟಿಎಸ್‌ಡಿ ಲಕ್ಷಣಗಳು ಹೆಚ್ಚು ತೀವ್ರವಾಗಿರುತ್ತವೆ ಎಂಬುದು ಸಾರಾ ಉಲ್ಮನ್ ಅವರ ಹಲವು ವರ್ಷಗಳ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡಿದೆ.

ಹಾಗಾದರೆ ಏನು ಹೇಳಬೇಕು? ‘ನೀನು ನನಗೆ ಹೇಳಿದ್ದು ಒಳ್ಳೆಯದಾಯಿತು. ನಾನು ನಂಬುತ್ತೇನೆ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಈಗ ನಿನಗೆ ಏನು ಬೇಕು?’ ಇಷ್ಟು ಸಾಕು. ‘ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಏಕೆ ಹೋದೆ’, ‘ಕೂಗಬಹುದಿತ್ತಲ್ಲ’, ‘ಇಷ್ಟು ದಿನ ಏಕೆ ಹೇಳಲಿಲ್ಲ’ ಎಂಬ ಪ್ರಶ್ನೆಗಳನ್ನು ಕೇಳಲೇಬಾರದು. ವಿವರ ಕೆದಕುವುದು ಬೇಡ, ಅವರಾಗಿ ಹೇಳತೊಡಗಿದರೆ ತಡೆಯುವುದೂ ಬೇಡ. ‘ಅವನನ್ನು ಸುಮ್ಮನೆ ಬಿಡುವುದಿಲ್ಲ’ ಎಂದು ನೀವು ಸಿಟ್ಟಿಗೆದ್ದರೆ ಸಂತ್ರಸ್ತರು ತಮ್ಮ ನೋವನ್ನು ಬದಿಗಿಟ್ಟು ನಿಮ್ಮನ್ನು ಸಮಾಧಾನಪಡಿಸಲು ಕೂರಬೇಕಾಗುತ್ತದೆ. ನಿಮ್ಮ ಸಿಟ್ಟನ್ನು ಬೇರೊಬ್ಬರ ಬಳಿ ತೋಡಿಕೊಳ್ಳಿ. ಅವರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ತಿಳಿಸುವಂತಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಕಾನೂನು ಹಲವೆಡೆ ವರದಿ ಮಾಡುವುದನ್ನು ಕಡ್ಡಾಯ ಮಾಡಿದೆ.

‘ಕೂಗಬಹುದಿತ್ತಲ್ಲ’ ಎಂಬ ಪ್ರಶ್ನೆಯನ್ನು ಇತರರಿಗಿಂತ ಹೆಚ್ಚಾಗಿ ಸಂತ್ರಸ್ತರೇ ತಮ್ಮನ್ನು ಕೇಳಿಕೊಳ್ಳುತ್ತಾರೆ. ಅದಕ್ಕೆ ಉತ್ತರ ತಿಳಿದಿರಬೇಕು. ವಿಪರೀತ ಭಯದಲ್ಲಿ ದೇಹ ಸ್ತಂಭಿಸಿಬಿಡುತ್ತದೆ: ಕೈಕಾಲು ಆಡುವುದಿಲ್ಲ, ದನಿ ಹೊರಡುವುದಿಲ್ಲ, ಪ್ರಜ್ಞೆ ಮಾತ್ರ ಇರುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರ ಸಂತ್ರಸ್ತರಿಗೆಂದೇ ಇರುವ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 70 ಮಂದಿ ಗಣನೀಯ ಪ್ರಮಾಣದ ಸ್ತಂಭನವನ್ನು, ಶೇ 48 ಮಂದಿ ಅತಿ ತೀವ್ರ ಸ್ತಂಭನವನ್ನು ಅನುಭವಿಸಿದ್ದರು. ಹೀಗೆ ಸ್ತಂಭಿಸಿದವರಲ್ಲಿ ಆರು ತಿಂಗಳ ನಂತರ ಪಿಟಿಎಸ್‌ಡಿ ಮತ್ತು ತೀವ್ರ ಖಿನ್ನತೆ ಹೆಚ್ಚಾಗಿದ್ದವು. ಆದ್ದರಿಂದ ‘ನಾನು ಅಲುಗಾಡಲೂ ಇಲ್ಲ’ ಎಂದು ಯಾರಾದರೂ ಹೇಳಿದರೆ ಅದು ಒಪ್ಪಿಗೆಯ ಗುರುತಲ್ಲ, ಹೆಚ್ಚಿನ ನಿಗಾ ಬೇಕು ಎಂಬುದರ ಗುರುತು. ದೌರ್ಜನ್ಯದ ವೇಳೆ ದೇಹ ಲೈಂಗಿಕವಾಗಿ ಪ್ರತಿಕ್ರಿಯಿಸಿದ್ದರೆ ಅದೂ ಸ್ಪರ್ಶಕ್ಕೆ ತಾನಾಗಿಯೇ ಆಗುವ ಕ್ರಿಯೆ. ಅದಕ್ಕೂ ಇಚ್ಛೆಗೂ ಸಂಬಂಧವಿಲ್ಲ. ಪುರುಷ ಸಂತ್ರಸ್ತರು ಬಾಯಿಬಿಡದಿರಲು ಇದೇ ಅನೇಕ ಬಾರಿ ಕಾರಣವಾಗಿರುವುದರಿಂದ, ಅವರು ಕೇಳುವ ಮೊದಲೇ ಈ ಮಾತನ್ನು ಹೇಳಿಬಿಡುವುದು ಒಳ್ಳೆಯದು.

ಮೊದಲ ವಾರಗಳು: ನಿಗಾ ಇರಲಿ, ಬಲವಂತ ಬೇಡ

ದುಃಸ್ವಪ್ನ, ನಿದ್ರೆಯಿಲ್ಲದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಘಟನೆ ಕಣ್ಣೆದುರೇ ಮರುಕಳಿಸಿದಂತಾಗುವುದು, ಏನೂ ಅನ್ನಿಸದೆ ಮರಗಟ್ಟಿದಂತಿರುವುದು, ಮತ್ತೆ ಮತ್ತೆ ಮೈ ತೊಳೆಯಬೇಕೆನ್ನಿಸುವುದು ಇವೆಲ್ಲ ಈ ಅವಧಿಯಲ್ಲಿ ನಿರೀಕ್ಷಿತ. ನೆನಪು ತುಂಡುತುಂಡಾಗಿರುವುದೂ ಸಾಮಾನ್ಯವೇ ಹೊರತು ಸುಳ್ಳಿನ ಲಕ್ಷಣವಲ್ಲ. ಘಟನೆಯ ನಂತರದ ಮೂರು ದಿನದಿಂದ ಒಂದು ತಿಂಗಳವರೆಗೆ ಇವು ತೀವ್ರವಾಗಿದ್ದರೆ ವೈದ್ಯರು ಅದನ್ನು ತೀವ್ರ ಒತ್ತಡದ ಕಾಯಿಲೆ ಎನ್ನುತ್ತಾರೆ. ಪಿಟಿಎಸ್‌ಡಿ ಎಂಬ ನಿರ್ಣಯಕ್ಕೆ ಒಂದು ತಿಂಗಳು ದಾಟಬೇಕು.

ಮನೆಯಲ್ಲಿ ಮಾಡಬಹುದಾದದ್ದು ಹೆಚ್ಚೇನಿಲ್ಲ, ಆದರೆ ಅದು ಕೆಲಸ ಮಾಡುತ್ತದೆ. ಏಳುವ ಹೊತ್ತನ್ನು ಬದಲಾಯಿಸದಿರುವುದು, ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ಸ್ವಲ್ಪ ತಿನ್ನುವುದು, ಮದ್ಯದಿಂದ ದೂರವಿರುವುದು, ದಿನಕ್ಕೊಮ್ಮೆ ಒಬ್ಬರ ಜೊತೆ ಹೊರಗೆ ನಡೆಯುವುದು. ಘಟನೆ ಮರುಕಳಿಸಿದಂತಾದಾಗ ಎರಡೂ ಪಾದಗಳನ್ನು ನೆಲಕ್ಕೆ ಊರಿ, ಕಾಣುತ್ತಿರುವ ಐದು ವಸ್ತುಗಳನ್ನು ಗಟ್ಟಿಯಾಗಿ ಹೆಸರಿಸಿ, ಇಂದಿನ ದಿನಾಂಕವನ್ನೂ ತಾನಿರುವ ಜಾಗವನ್ನೂ ಹೇಳಿಕೊಂಡು, ಉಸಿರು ಒಳತೆಗೆದುಕೊಳ್ಳುವುದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಮನಸ್ಸು ಈ ಹೊತ್ತಿಗೆ ಮರಳುತ್ತದೆ. ಇದು ಆ ಕ್ಷಣವನ್ನು ದಾಟಿಸುವ ಉಪಾಯವೇ ಹೊರತು ಚಿಕಿತ್ಸೆಯಲ್ಲ.

ಮಾಡಬಾರದ್ದು ಎರಡಿವೆ. ಡಿಬ್ರೀಫಿಂಗ್ ಎಂಬ ಹೆಸರಿನಲ್ಲಿ ಹಿಂದೆ ಜನಪ್ರಿಯವಾಗಿದ್ದ, ಘಟನೆಯಾದ ಕೆಲವೇ ದಿನಗಳಲ್ಲಿ ಒಂದೇ ಕೂಟದಲ್ಲಿ ಎಲ್ಲವನ್ನೂ ಹೇಳಿಸುವ ಪದ್ಧತಿಯಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ. ಕೆಲವರಿಗೆ ಅದು ಹಾನಿಯನ್ನೂ ಮಾಡಬಹುದು ಎಂದು ಕಂಡುಬಂದದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಳಸಬಾರದು ಎಂದಿದೆ. ಎರಡನೆಯದು, ಡಯಾಜೆಪಾಮ್, ಅಲ್ಪ್ರಾಜೋಲಾಮ್ ಗುಂಪಿನ ನಿದ್ರೆ ಮತ್ತು ಶಮನದ ಮಾತ್ರೆಗಳು. ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆ ಇವನ್ನು ಕೊಡಬಾರದೆಂದು ಅದೇ ಸಂಸ್ಥೆ 2013ರಲ್ಲಿ ಸೂಚಿಸಿದೆ. ಮನೆಯಲ್ಲಿ ಬೇರೆಯವರಿಗೆಂದು ತಂದಿಟ್ಟ ಮಾತ್ರೆಯನ್ನು ‘ಒಂದು ರಾತ್ರಿಯಾದರೂ ಮಲಗಲಿ’ ಎಂದು ಕೊಡುವುದು ಇನ್ನೂ ಅಪಾಯ.

ಆ ಸಂಸ್ಥೆಯ ಅದೇ ವರ್ಷದ ಮತ್ತೊಂದು ಮಾರ್ಗಸೂಚಿ ಒಂದರಿಂದ ಮೂರು ತಿಂಗಳ ಕಾಲ ಎಚ್ಚರದಿಂದ ಗಮನಿಸುತ್ತಿರಲು ಹೇಳುತ್ತದೆ. ಇದರರ್ಥ ಸುಮ್ಮನಿರುವುದಲ್ಲ. ನಿಗದಿತ ದಿನಕ್ಕೆ ಮತ್ತೆ ಭೇಟಿ ಮಾಡುವುದು, ಹೇಗಿದ್ದಾರೆಂದು ವಿಚಾರಿಸುವುದು, ಲಕ್ಷಣಗಳು ಇಳಿಯುತ್ತಿವೆಯೇ ಎಂದು ನೋಡುವುದು. ಕೆಲವರಂತೂ ಒಂದು ದಿನವೂ ಕಾಯುವಂತಿಲ್ಲ: ಸಾಯುವ ಮಾತಾಡುವವರು, ತಮಗೆ ತಾವೇ ಗಾಯ ಮಾಡಿಕೊಳ್ಳುವವರು, ತೀವ್ರ ಖಿನ್ನತೆಗೆ ಜಾರಿದವರು, ಇಲ್ಲದ ದನಿ ಕೇಳುತ್ತದೆ ಎನ್ನುವವರು, ಮದ್ಯ ಅಥವಾ ಮಾದಕ ವಸ್ತುಗಳಿಗೆ ಮೊರೆಹೋದವರು, ಊಟ-ಸ್ನಾನದಂಥ ನಿತ್ಯದ ಕೆಲಸಗಳೂ ಸಾಗದವರು. ಇವರನ್ನು ತಕ್ಷಣ ಮಾನಸಿಕ ಆರೋಗ್ಯ ತಜ್ಞರ ಬಳಿ ಕರೆದೊಯ್ಯಬೇಕು. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಂಜಿಕೆ ಬೇಡ, ಕೇಳುವುದೇ ಸರಿ.

ಚಿಕಿತ್ಸೆಯನ್ನು ಆರಂಭಿಸುವ ಸಮಯ

ನಾಲ್ಕನೆಯ ವಾರದ ಕೊನೆಗೆ ಒಂದು ಲೆಕ್ಕ ಹಾಕಬೇಕು. ಮೊದಲ ವಾರಕ್ಕೆ ಹೋಲಿಸಿದರೆ ದುಃಸ್ವಪ್ನ, ಬೆಚ್ಚಿಬೀಳುವಿಕೆ, ಮರುಕಳಿಕೆ ಕಡಿಮೆಯಾಗಿವೆಯೇ? ತಪ್ಪಿಸಿಕೊಳ್ಳುವ ಜಾಗ, ಜನ, ಮಾತುಗಳ ಪಟ್ಟಿ ಕಿರಿದಾಗುತ್ತಿದೆಯೇ, ಬೆಳೆಯುತ್ತಿದೆಯೇ? ಚಿಕಿತ್ಸಕರು ಇದಕ್ಕಾಗಿ ಪಿಸಿಎಲ್-5 ಎಂಬ 20 ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಒಟ್ಟು 80 ಅಂಕಗಳಲ್ಲಿ 31ರಿಂದ 33ರ ಆಸುಪಾಸಿನ ಅಂಕ ಬಂದರೆ ಪಿಟಿಎಸ್‌ಡಿ ಇರುವ ಸಾಧ್ಯತೆಯಿದ್ದು ವಿವರವಾದ ಪರಿಶೀಲನೆ ಅಗತ್ಯ ಎಂದರ್ಥ. ಲಕ್ಷಣಗಳು ಇಳಿದಿದ್ದರೆ ಸಂತೋಷ, ಇನ್ನೊಂದು ತಿಂಗಳು ನೋಡಬಹುದು. ಇಳಿಯದಿದ್ದರೆ ‘ಇನ್ನೂ ಸ್ವಲ್ಪ ದಿನ ನೋಡೋಣ’ ಎನ್ನಲು ಕಾರಣವಿಲ್ಲ.

ಒಂದು ತಿಂಗಳಿಗಿಂತ ಮುಂಚೆಯೇ ಆರಂಭಿಸುವ ಪ್ರಯತ್ನಗಳೂ ನಡೆದಿವೆ. ಫೋವಾ ಮತ್ತು ಸಂಗಡಿಗರು ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ಘಟನೆಯಾದ ಕೆಲವೇ ವಾರಗಳಲ್ಲಿ ನಾಲ್ಕು ಭೇಟಿಗಳ ಚಿಕಿತ್ಸೆ ನೀಡಿ 1995ರಲ್ಲಿ ಒಳ್ಳೆಯ ಫಲಿತಾಂಶ ವರದಿ ಮಾಡಿದರು. ಅದು ತೀರಾ ಚಿಕ್ಕ ಗುಂಪಿನ ಅಧ್ಯಯನವಾಗಿತ್ತು. ರಾಥ್‌ಬಾಮ್ ತಂಡ 2012ರಲ್ಲಿ, ಅತ್ಯಾಚಾರವೂ ಸೇರಿದಂತೆ ಬೇರೆ ಬೇರೆ ಆಘಾತಗಳ ನಂತರ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 137 ಜನರ ಅಧ್ಯಯನ ಪ್ರಕಟಿಸಿತು. ಅಲ್ಲೇ ಆರಂಭಿಸಿ ವಾರಕ್ಕೊಂದರಂತೆ ಮೂರು ಭೇಟಿಗಳ ಚಿಕಿತ್ಸೆ ಪಡೆದವರಲ್ಲಿ 12 ವಾರಗಳ ನಂತರ ಲಕ್ಷಣಗಳು ಕಡಿಮೆಯಿದ್ದವು. ಡಿಬ್ರೀಫಿಂಗ್ ಬೇಡವೆಂದು ಹೇಳಿ ಇದನ್ನು ಮೆಚ್ಚುವುದು ವಿರೋಧಾಭಾಸದಂತೆ ತೋರಬಹುದು. ವ್ಯತ್ಯಾಸ ಸ್ಪಷ್ಟವಾಗಿಯೇ ಇದೆ: ಒಂದೇ ಸಲ ಹೇಳಿಸಿ, ಭಯ ಉತ್ತುಂಗದಲ್ಲಿರುವಾಗಲೇ ಎದ್ದು ಹೋದರೆ ನೆನಪು ಭಯದ ಜೊತೆ ಇನ್ನಷ್ಟು ಬೆಸೆದುಕೊಳ್ಳಬಹುದು, ತರಬೇತಾದವರ ಜೊತೆ, ಒಪ್ಪಿಗೆಯಿಂದ, ಪದೇ ಪದೇ ಅದರ ಎದುರು ಕೂತಾಗ ಭಯ ಇಳಿಯುತ್ತದೆ. ತರಬೇತಾದ ಕೈ ಸಿಗದಿದ್ದರೆ ಮೊದಲ ತಿಂಗಳಲ್ಲಿ ಇದನ್ನು ಮನೆಯಲ್ಲಿ ಪ್ರಯೋಗಿಸಬಾರದು.

ಯಾವ ಚಿಕಿತ್ಸೆ, ಅಲ್ಲಿ ಏನು ನಡೆಯುತ್ತದೆ

ಆಪ್ತಸಮಾಲೋಚನೆ ಎಂಬ ಒಂದೇ ಹೆಸರಿನಡಿ ಹಲವು ಬಗೆಯ ಕೆಲಸಗಳು ನಡೆಯುತ್ತವೆ. ಸಾಂತ್ವನ, ಧೈರ್ಯದ ಮಾತು, ಕೇಳಿಸಿಕೊಳ್ಳುವಿಕೆ ಇವೆಲ್ಲ ಬೇಕು, ಆದರೆ ಪಿಟಿಎಸ್‌ಡಿ ಇಳಿಸಲು ಇವಷ್ಟೇ ಸಾಕಾಗುವುದಿಲ್ಲ. ಆಘಾತದ ನೆನಪನ್ನೇ ಕೇಂದ್ರವಾಗಿ ಇಟ್ಟುಕೊಂಡ ಚಿಕಿತ್ಸೆಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್. ಸಾಮಾನ್ಯವಾಗಿ 8ರಿಂದ 15 ಭೇಟಿಗಳು. ಒಂದೊಂದೂ ಸುಮಾರು ಒಂದೂವರೆ ಗಂಟೆ. ಕಣ್ಣು ಮುಚ್ಚಿ, ಘಟನೆಯನ್ನು ಈಗ ನಡೆಯುತ್ತಿರುವಂತೆ ವರ್ತಮಾನ ಕಾಲದಲ್ಲಿ ಹೇಳಬೇಕು; ಮುಗಿದ ಮೇಲೆ ಮತ್ತೆ ಮೊದಲಿನಿಂದ. ಆಗಾಗ ಚಿಕಿತ್ಸಕರು ‘ಸೊನ್ನೆಯಿಂದ ನೂರರೊಳಗೆ ಈಗ ತಳಮಳ ಎಷ್ಟು’ ಎಂದು ಕೇಳುತ್ತಾರೆ. ಹೇಳಿದ್ದನ್ನು ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ದಿನವೂ ಕೇಳಬೇಕು. ಇದರ ಜೊತೆಗೆ, ವಾಸ್ತವದಲ್ಲಿ ಅಪಾಯವಿಲ್ಲದಿದ್ದರೂ ತಪ್ಪಿಸಿಕೊಳ್ಳುತ್ತಿರುವ ಸಂಗತಿಗಳ ಪಟ್ಟಿ ಮಾಡಿ, ಸುಲಭದ್ದರಿಂದ ಕಷ್ಟದ್ದಕ್ಕೆ ಏರುತ್ತ ಹೋಗಬೇಕು. ಲಿಫ್ಟ್‌ನಲ್ಲಿ ಹೋಗುವುದು, ಅಂದು ಉಟ್ಟ ಬಣ್ಣದ ಬಟ್ಟೆಯನ್ನು ಮತ್ತೆ ಉಡುವುದು, ಜನದಟ್ಟಣೆಯ ಬಸ್ಸಿನಲ್ಲಿ ಹತ್ತು ನಿಮಿಷ ನಿಲ್ಲುವುದು ಹೀಗೆ. ಹೊರಗಿನವರಿಗೆ ಇದು ಕ್ರೂರವೆನ್ನಿಸುತ್ತದೆ. ಆದರೆ ತಪ್ಪಿಸಿಕೊಳ್ಳುವಿಕೆಯೇ ಈ ಕಾಯಿಲೆಯನ್ನು ಪೋಷಿಸುವುದರಿಂದ, ನೆನಪು ನೆನಪಷ್ಟೇ, ಅದು ಮತ್ತೆ ಘಾಸಿ ಮಾಡಲಾರದು ಎಂಬುದನ್ನು ದೇಹ ಕಲಿಯಲು ಬೇರೆ ದಾರಿ ಕಡಿಮೆ. ದೌರ್ಜನ್ಯ ಎಸಗಿದವನನ್ನು ಭೇಟಿಯಾಗುವುದು ಈ ಪಟ್ಟಿಯಲ್ಲಿ ಎಂದಿಗೂ ಬರುವುದಿಲ್ಲ.

ಎರಡನೆಯದು ಪೆಟ್ರೀಷಿಯಾ ರೆಸಿಕ್ ಅತ್ಯಾಚಾರ ಸಂತ್ರಸ್ತರಿಗೆಂದೇ ಮೊದಲು ರೂಪಿಸಿದ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಸಾಮಾನ್ಯವಾಗಿ 12 ಭೇಟಿಗಳದ್ದು. ಇಲ್ಲಿ ಘಟನೆಯ ವಿವರಕ್ಕಿಂತ ಅದಕ್ಕೆ ಕೊಟ್ಟುಕೊಂಡ ಅರ್ಥದ ಮೇಲೆ ಹೆಚ್ಚು ಒತ್ತು. ಇದು ತನಗೆ ಏಕೆ ಆಯಿತು, ತನ್ನ ಬದುಕಿನ ಬಗೆಗಿನ ನಂಬಿಕೆಗಳು ಹೇಗೆ ಬದಲಾದವು ಎಂಬುದನ್ನು ಮೊದಲ ವಾರ ಬರೆದು ತರಬೇಕು. ಅದರಲ್ಲಿ ‘ನಾನು ಅವನ ಕಾರು ಹತ್ತದಿದ್ದರೆ ಹೀಗಾಗುತ್ತಿರಲಿಲ್ಲ’, ‘ಯಾರನ್ನೂ ನಂಬುವಂತಿಲ್ಲ’, ‘ನಾನು ಕೆಟ್ಟುಹೋದೆ’ ಎಂಬಂಥ, ಚೇತರಿಕೆ ಸಿಕ್ಕಿಹಾಕಿಕೊಳ್ಳುವ ವಾಕ್ಯಗಳು ಕಾಣುತ್ತವೆ. ಚಿಕಿತ್ಸಕರು ಅವನ್ನು ಸುಳ್ಳೆಂದು ತಳ್ಳಿಹಾಕುವುದಿಲ್ಲ, ಪ್ರಶ್ನಿಸುತ್ತಾರೆ: ಕಾರು ಹತ್ತುವಾಗ ನಿಮಗೆ ಏನು ಗೊತ್ತಿತ್ತು? ಮನೆಗೆ ಬಿಡುತ್ತೇನೆ ಎಂದವನು ಏನು ಮಾಡಲು ನಿರ್ಧರಿಸಿದ್ದ? ನಿರ್ಧಾರ ಯಾರದು? ಮುಂದಿನ ವಾರಗಳಲ್ಲಿ ಸುರಕ್ಷತೆ, ನಂಬಿಕೆ, ಹಿಡಿತ, ಆತ್ಮಗೌರವ ಮತ್ತು ಆಪ್ತತೆ ಎಂಬ ಐದು ವಿಷಯಗಳನ್ನು ಒಂದೊಂದಾಗಿ ಹೀಗೇ ಪರೀಕ್ಷಿಸಲಾಗುತ್ತದೆ. ಅಪರಾಧಪ್ರಜ್ಞೆಯೇ ಭಯಕ್ಕಿಂತ ದೊಡ್ಡದಾಗಿರುವವರಿಗೆ ನಾನು ಈ ದಾರಿಯನ್ನು ಮೊದಲು ಸೂಚಿಸುವೆ.

ರೆಸಿಕ್ ಮತ್ತು ಸಂಗಡಿಗರು 2002ರಲ್ಲಿ ಅತ್ಯಾಚಾರಕ್ಕೆ ಒಳಗಾದ 171 ಮಹಿಳೆಯರಲ್ಲಿ ಈ ಎರಡೂ ಚಿಕಿತ್ಸೆಗಳನ್ನು ಹೋಲಿಸಿದಾಗ, ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಎರಡೂ ಗುಂಪಿನವರು ಬಹಳ ಹೆಚ್ಚು ಚೇತರಿಸಿಕೊಂಡಿದ್ದರು. ಐದು ವರ್ಷಗಳಿಗೂ ಹೆಚ್ಚು ಕಾಲದ ನಂತರ ಮತ್ತೆ ನೋಡಿದಾಗಲೂ ಆ ಚೇತರಿಕೆ ಉಳಿದಿತ್ತು.

ಮೂರನೆಯದಾದ ಇಎಂಡಿಆರ್ ಅನ್ನು ಫ್ರಾನ್ಸಿನ್ ಶಪೀರೊ 1980ರ ದಶಕದ ಕೊನೆಯಲ್ಲಿ ರೂಪಿಸಿದರು. ನೆನಪಿನ ಒಂದು ಚಿತ್ರವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಚಿಕಿತ್ಸಕರ ಬೆರಳಿನ ಚಲನೆಯನ್ನು ಕಣ್ಣಿನಿಂದ ಹಿಂಬಾಲಿಸುವುದು ಇದರ ಕ್ರಮ. ವಿವರವಾಗಿ ಮಾತಾಡಬೇಕಾದ್ದು ಕಡಿಮೆ, ಮನೆಗೆಲಸವೂ ಕಡಿಮೆ ಇರುವುದರಿಂದ ಕೆಲವರಿಗೆ ಇದು ಹೆಚ್ಚು ಒಗ್ಗುತ್ತದೆ. ಮಕ್ಕಳಿಗಾದರೆ, ತಂದೆತಾಯಿಯನ್ನೋ ಪೋಷಕರನ್ನೋ ಸೇರಿಸಿಕೊಂಡು ನಡೆಸುವ, ಆಘಾತ ಕೇಂದ್ರಿತ ಅರಿವು-ವರ್ತನಾ ಚಿಕಿತ್ಸೆ ಬೇರೆಯೇ ಇದೆ. ಥೆರಪಿ ಸಿಗದಿದ್ದಾಗ ಅಥವಾ ಖಿನ್ನತೆಯೂ ಇದ್ದಾಗ ಸರ್ಟ್ರಲೀನ್‌ನಂಥ ಔಷಧಿಗಳನ್ನು ಮನೋವೈದ್ಯರು ಪರಿಗಣಿಸುತ್ತಾರೆ.

ಚಿಕಿತ್ಸಕರನ್ನು ಆರಿಸುವುದು, ನಡುವೆ ಬಿಡದಿರುವುದು

ಮೊದಲ ಭೇಟಿಯಲ್ಲೇ ಈ ಪ್ರಶ್ನೆಗಳನ್ನು ಕೇಳಬೇಕು. ಮೇಲಿನ ಚಿಕಿತ್ಸೆಗಳಲ್ಲಿ ಯಾವುದರಲ್ಲಿ ನಿಮಗೆ ತರಬೇತಿ ಇದೆ? ಎಷ್ಟು ಭೇಟಿಗಳು ಬೇಕಾಗಬಹುದು? ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ? ನಾನು ಹೇಳಿದ್ದು ಯಾವ ಸಂದರ್ಭದಲ್ಲಿ ಈ ಕೋಣೆಯಿಂದ ಹೊರಗೆ ಹೋಗಬಹುದು? ಪೊಲೀಸರಾಗಲಿ ನ್ಯಾಯಾಲಯವಾಗಲಿ ದಾಖಲೆ ಕೇಳಿದರೆ ಏನು ಮಾಡುತ್ತೀರಿ? ಉತ್ತರಿಸಲು ಹಿಂಜರಿಯುವವರನ್ನೂ, ಅಪರಾಧಿಯನ್ನು ಕ್ಷಮಿಸಲು ಅಥವಾ ರಾಜಿಗೆ ಒಪ್ಪಲು ಸಲಹೆ ಕೊಡುವವರನ್ನೂ ಬಿಟ್ಟು ಬೇರೆಯವರನ್ನು ಹುಡುಕಬೇಕು. ಚಿಕಿತ್ಸಕರು ಮಹಿಳೆಯಾಗಿರಬೇಕೇ ಪುರುಷರಾಗಿರಬೇಕೇ ಎಂಬ ಆಯ್ಕೆಯೂ ಸಂತ್ರಸ್ತರದ್ದೇ.

ದೌರ್ಜನ್ಯ ಎಸಗಿದವನು ಅದೇ ಮನೆಯಲ್ಲೋ ಅದೇ ಕಚೇರಿಯಲ್ಲೋ ಇದ್ದರೆ ಕ್ರಮ ಬದಲಾಗುತ್ತದೆ. ಅಲ್ಲಿ ಎಚ್ಚರದಿಂದಿರುವುದು ಕಾಯಿಲೆಯಲ್ಲ, ಅಗತ್ಯ. ಮೊದಲು ಅವನಿಂದ ದೂರವಾಗುವ ಯೋಜನೆ: ಹೋಗಬಹುದಾದ ಜಾಗ, ಕರೆ ಮಾಡಬಹುದಾದ ಇಬ್ಬರು, ಬೇಕಾದ ಕಾಗದಪತ್ರ ಮತ್ತು ಹಣ. ಭಯವನ್ನು ಇಳಿಸುವ ಅಭ್ಯಾಸಗಳು ಅದರ ನಂತರ.

ಆರಂಭದ ಕೆಲವು ಭೇಟಿಗಳಲ್ಲಿ ಲಕ್ಷಣಗಳು ಹೆಚ್ಚಾದಂತೆ ಕಾಣಬಹುದು, ಮತ್ತು ಬಹಳಷ್ಟು ಮಂದಿ ಚಿಕಿತ್ಸೆಯನ್ನು ಬಿಡುವುದು ಇಲ್ಲೇ. ಬರಲು ಮನಸ್ಸಿಲ್ಲದ ದಿನ ಸುಮ್ಮನೆ ತಪ್ಪಿಸಿಕೊಳ್ಳದೆ, ಮನಸ್ಸಿಲ್ಲ ಎಂಬುದನ್ನೇ ಚಿಕಿತ್ಸಕರಿಗೆ ಹೇಳಿದರೆ ವೇಗವನ್ನು ತಗ್ಗಿಸಬಹುದು, ಕ್ರಮವನ್ನು ಬದಲಾಯಿಸಬಹುದು. ಮನೆಯವರು ಈ ವಾರಗಳಲ್ಲಿ ಭೇಟಿಗೆ ಕರೆದೊಯ್ಯುವ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಲಿ. ‘ಇಂದು ಏನು ಹೇಳಿದೆ’ ಎಂದು ಕೇಳುವುದು ಬೇಡ. ಸಂಗಾತಿಯಾದವರು ದೈಹಿಕ ಆಪ್ತತೆಯಲ್ಲಿ ಮೊದಲ ಹೆಜ್ಜೆಯನ್ನು ಸಂತ್ರಸ್ತರಿಗೆ ಬಿಡಬೇಕು, ಪ್ರತಿ ಸಲವೂ ಕೇಳಿ ಮುಟ್ಟಬೇಕು.

ಆರು ಭೇಟಿಗಳಾದರೂ ಪಿಸಿಎಲ್-5 ಅಂಕ ಇಳಿಯದಿದ್ದರೆ ಚಿಕಿತ್ಸಕರ ಜೊತೆ ಕೂತು ಕಾರಣ ಹುಡುಕಬೇಕು: ಮನೆಯ ಅಭ್ಯಾಸ ಆಗುತ್ತಿಲ್ಲವೇ, ಹೇಳದೆ ಬಿಟ್ಟ ಭಾಗವಿದೆಯೇ, ಖಿನ್ನತೆಗೆ ಬೇರೆ ಚಿಕಿತ್ಸೆ ಬೇಕೇ, ಹಳೆಯ ಬೇರೊಂದು ದೌರ್ಜನ್ಯದ ನೆನಪು ಅಡಗಿದೆಯೇ. ಚಿಕಿತ್ಸೆ ಮುಗಿದ ಮೇಲೂ ಸಾಕ್ಷಿ ಹೇಳುವ ದಿನ, ಘಟನೆಯ ವರ್ಷ ತುಂಬುವ ದಿನ, ಗರ್ಭಿಣಿಯಾದಾಗಿನ ವೈದ್ಯಕೀಯ ಪರೀಕ್ಷೆ ಇಂಥ ಸಂದರ್ಭಗಳಲ್ಲಿ ಲಕ್ಷಣಗಳು ಕೆಲ ದಿನ ಮರಳಬಹುದು. ದಿನಾಂಕ ಮೊದಲೇ ತಿಳಿದಿದ್ದರೆ ಅದರ ಹಿಂದಿನ ವಾರಕ್ಕೆ ಒಂದು ಭೇಟಿ, ನಂತರದ ವಾರಕ್ಕೆ ಇನ್ನೊಂದು ಭೇಟಿಯನ್ನು ಈಗಲೇ ನಿಗದಿ ಮಾಡಿಟ್ಟುಕೊಳ್ಳಬೇಕು.